ಕೊನೆಯ ಬೆಲ್ ಬಾರಿಸುವ ಮುನ್ನ

ಫೆಬ್ರವರಿ ತಿಂಗಳು ಕಾಲಿಟ್ಟಿತೆಂದರೆ ನಮ್ಮ ಕರಾವಳಿಯ ಗುಡ್ಡಗಳಲ್ಲಿ ಗೇರುಹಣ್ಣಿನ ವಾಸನೆ ಹರಡುತ್ತದೆ. ಮಾವಿನ ಮರಗಳಲ್ಲಿ ಮಿಡಿ ಕಚ್ಚುತ್ತದೆ. ಬೆಳಗ್ಗೆ ಹತ್ತು ಗಂಟೆಗೇ ಬಿಸಿಲು ಸುಡತೊಡಗುತ್ತದೆ. ಇದೇ ಹೊತ್ತಿಗೆ ಊರಿನ ಕೆಲವು ಮನೆಗಳು ಇದ್ದಕ್ಕಿದ್ದಂತೆ ಮೌನವಾಗುತ್ತವೆ. ಟಿ.ವಿ.ಯ ಸದ್ದು ಅಡಗುತ್ತದೆ. ನೆಂಟರು ಬರುವುದನ್ನು ಮುಂದಕ್ಕೆ ಹಾಕುತ್ತಾರೆ. ಬಂದವರೂ ಅಡುಗೆ ಮನೆಯಲ್ಲೇ ಕುಳಿತು ಮೆಲ್ಲಗೆ ಮಾತನಾಡಿ ಹೊರಟುಬಿಡುತ್ತಾರೆ. "ಅವರ ಮನೆಯಲ್ಲಿ ಈ ವರ್ಷ ಎಸೆಸೆಲ್ಸಿ ಇದೆ" ಎಂದು ನೆರೆಯವರು ಹೇಳುವ ಧಾಟಿ ಕೇಳಿದರೆ, ಆ ಮನೆಯಲ್ಲಿ ಯಾರೋ ಹಾಸಿಗೆ ಹಿಡಿದಿದ್ದಾರೇನೋ ಎನ್ನಬೇಕು!

ಅಂಕ ಗಳಿಸುವುದು ಹೇಗೆ, ಬೆಳಗ್ಗೆ ಎಷ್ಟು ಗಂಟೆಗೆ ಏಳಬೇಕು, ಬಾದಾಮಿ ತಿಂದರೆ ನೆನಪಿನ ಶಕ್ತಿ ಹೆಚ್ಚುತ್ತದೆಯೇ ಎಂಬಿತ್ಯಾದಿ ವಿಷಯಗಳನ್ನು ನೀವು ಬೇರೆ ಕಡೆ ಬೇಕಾದಷ್ಟು ಓದಿರುತ್ತೀರಿ. ಈ ತಿಂಗಳು ನಾನು ನಿಮ್ಮೊಡನೆ ಮಾತನಾಡಬೇಕೆಂದಿರುವುದು ಬೇರೊಂದು ವಿಷಯ. ಪ್ರಿಯ ಓದುಗರೇ, ನಿಮ್ಮ ಹೈಸ್ಕೂಲಿನ ಕೊನೆಯ ಕೆಲವು ವಾರಗಳು ನಿಮಗೆ ನೆನಪಿವೆಯೇ?

ಖಂಡಿತ ನೆನಪಿರುತ್ತವೆ. ಎಂಟನೇ ತರಗತಿಯಲ್ಲಿ ಕಲಿತ ಪಾಠ ಮರೆತಿರಬಹುದು. ಒಂಬತ್ತನೆಯ ತರಗತಿಯಂತೂ ಹೇಗೆ ಬಂತು, ಹೇಗೆ ಹೋಯಿತು ಎಂದೇ ಹಲವರಿಗೆ ಗೊತ್ತಿರುವುದಿಲ್ಲ. ಆದರೆ ಹತ್ತನೆಯ ತರಗತಿಯ ಆ ಕೊನೆಯ ಐದಾರು ವಾರಗಳನ್ನು ಮಾತ್ರ ನಾವು ಯಾರೂ ಮರೆಯುವುದಿಲ್ಲ. ನೆನೆದರೆ ತುಟಿಯಲ್ಲಿ ನಗು ಮೂಡುತ್ತದೆ. ಸ್ವಲ್ಪ ಹೊತ್ತು ಅಲ್ಲೇ ನಿಂತರೆ ಎದೆಯೊಳಗೆ ಏನೋ ಚುಚ್ಚುತ್ತದೆ. ಗೇರುಹಣ್ಣು ತಿಂದ ಹಾಗೆ. ಮೊದಲು ಸಿಹಿ, ಆಮೇಲೆ ಗಂಟಲಲ್ಲಿ ಒಗರು.

ಅಷ್ಟರಲ್ಲಿ ಪಾಠಗಳೆಲ್ಲ ಮುಗಿದಿರುತ್ತಿದ್ದವು. ಬೆಳಗ್ಗೆ ಮದ್ರಸ ಬಿಟ್ಟು ಓಡೋಡಿ ಬಂದರೆ ಸ್ಪೆಷಲ್ ಕ್ಲಾಸ್, ಸಂಜೆ ಎಲ್ಲರೂ ಮನೆಗೆ ಹೋದ ಮೇಲೆ ಮತ್ತೊಂದು ಸ್ಪೆಷಲ್ ಕ್ಲಾಸ್. ಪೂರ್ವಸಿದ್ಧತಾ ಪರೀಕ್ಷೆಯ ಉತ್ತರ ಪತ್ರಿಕೆಗಳು ಕೆಂಪು ಗೆರೆಗಳನ್ನು ಹೊತ್ತು ಮರಳಿ ಬರುತ್ತಿದ್ದವು. ಭಾರತದ ನಕ್ಷೆಯಲ್ಲಿ ನದಿಗಳನ್ನು ಗುರುತಿಸುವುದು, ಪೈಥಾಗೊರಸನ ಪ್ರಮೇಯ, ಹೃದಯದ ನೀಳಛೇದದ ಚಿತ್ರ... "ಇದು ಬಂದೇ ಬರುತ್ತದೆ, ನೋಡಿಕೊಳ್ಳಿ" ಎಂದು ಮೇಷ್ಟರು ಚಾಕ್‌ಪೀಸಿನಿಂದ ಬೋರ್ಡಿನ ಮೇಲೆ ಎರಡು ಸಲ ಕುಟ್ಟುತ್ತಿದ್ದರು. ಅವರು ಕುಟ್ಟಿದ ಪ್ರಶ್ನೆ ಕೆಲವೊಮ್ಮೆ ಬರುತ್ತಿತ್ತು, ಕೆಲವೊಮ್ಮೆ ಬರುತ್ತಿರಲಿಲ್ಲ. ಆದರೆ ಆ ನಂಬಿಕೆಯೇ ಒಂದು ಧೈರ್ಯವಾಗಿತ್ತು.

ಆ ದಿನಗಳಲ್ಲಿ ಒಂದು ವಿಚಿತ್ರ ನಡೆಯುತ್ತಿತ್ತು. ನೀವು ಗಮನಿಸಿದ್ದೀರಾ? ಮೂರು ವರ್ಷ ಬೆತ್ತ ಹಿಡಿದೇ ತರಗತಿಗೆ ಬಂದ ಗಣಿತದ ಮೇಷ್ಟರು ಬೆತ್ತವನ್ನು ಸ್ಟಾಫ್ ರೂಮಿನಲ್ಲೇ ಮರೆತು ಬರುತ್ತಿದ್ದರು. ತಪ್ಪು ಲೆಕ್ಕ ಮಾಡಿದವನ ಕಿವಿ ಹಿಂಡುವ ಬದಲು ಪಕ್ಕದಲ್ಲಿ ಕುಳಿತು ಹೇಳಿಕೊಡುತ್ತಿದ್ದರು. ಹಿಂದಿನ ಬೆಂಚಿನವರಿಗೆ ಎಂದೂ ಸಿಗದ ಮರ್ಯಾದೆ ಸಿಗುತ್ತಿತ್ತು. "ನೀನು ಪಾಸಾದರೆ ಸಾಕು ಮಾರಾಯ, ಇಡೀ ಶಾಲೆಗೆ ನಾನೇ ಪಾಯಸ ಹಂಚುತ್ತೇನೆ" ಎಂದು ಹೆಡ್‌ಮಾಸ್ತರರು ಒಬ್ಬ ಹುಡುಗನ ಬೆನ್ನು ತಟ್ಟಿದ್ದು ನನಗೆ ಇನ್ನೂ ನೆನಪಿದೆ. ಅಧ್ಯಾಪಕರಿಗೆ ಪ್ರತಿ ವರ್ಷವೂ ಇದು ನಡೆಯುತ್ತಿತ್ತು. ಹೋಗುವವರು ಹೋಗುತ್ತಾರೆ, ಜೂನ್ ತಿಂಗಳಲ್ಲಿ ಅದೇ ಬೆಂಚುಗಳಲ್ಲಿ ಹೊಸ ಮುಖಗಳು ಬಂದು ಕೂರುತ್ತವೆ. ಅದು ಗೊತ್ತಿದ್ದೂ ಪ್ರತಿ ಫೆಬ್ರವರಿಯಲ್ಲಿ ಅವರ ದನಿ ಮೆತ್ತಗಾಗುತ್ತಿತ್ತಲ್ಲ, ಅದರ ಬೆಲೆ ಅಂದು ನಮಗೆ ತಿಳಿಯುವ ವಯಸ್ಸಾಗಿರಲಿಲ್ಲ.

ಆಮೇಲೆ ಗ್ರೂಪ್ ಫೋಟೋದ ದಿನ. ಪೇಟೆಯ ಸ್ಟುಡಿಯೋದವರು ಮೂರು ಕಾಲಿನ ಸ್ಟ್ಯಾಂಡ್ ಹೊತ್ತು ಬರುತ್ತಿದ್ದರು. ಮುಂದೆ ಕುರ್ಚಿಗಳಲ್ಲಿ ಅಧ್ಯಾಪಕರು, ಅವರ ಪಕ್ಕದಲ್ಲೊಂದು ಕಪ್ಪು ಹಲಗೆಯ ಮೇಲೆ ಶಾಲೆಯ ಹೆಸರು ಮತ್ತು ವರ್ಷ. ಹಿಂದೆ ನಿಂತ ಹುಡುಗಿಯರು, ಅವರ ಹಿಂದೆ ಬೆಂಚು ಹತ್ತಿ ನಿಂತ ಹುಡುಗರು. "ಯಾರೂ ಕಣ್ಣು ಮುಚ್ಚಬೇಡಿ" ಎಂದಾಗಲೇ ಯಾರೋ ಒಬ್ಬರು ಕಣ್ಣು ಮುಚ್ಚಿರುತ್ತಿದ್ದರು. ಫೋಟೋ ತೊಳೆದು ಬಂದ ಮೇಲೆ ಪ್ರತಿಯೊಂದಕ್ಕೆ ಇಷ್ಟು ರೂಪಾಯಿ ಎಂದು ನೋಟಿಸು. ಹಣ ಕೊಟ್ಟವರಿಗೆ ಫೋಟೋ. ಕೊಡಲಾಗದವರು ಗೆಳತಿಯ ಪ್ರತಿಯನ್ನು ಒಮ್ಮೆ ಕೈಗೆ ತೆಗೆದುಕೊಂಡು, ತಮ್ಮ ಮುಖದ ಮೇಲೆ ಬೆರಳಿಟ್ಟು ನೋಡಿ, ಮರಳಿ ಕೊಡುತ್ತಿದ್ದರು. ಇಂದು ನಮ್ಮ ಕಪಾಟುಗಳಲ್ಲಿರುವ ಆ ಫೋಟೋಗಳಲ್ಲಿ ಹಾಗೆ ತಮ್ಮದೇ ಮುಖದ ಪ್ರತಿಯೊಂದು ಇಲ್ಲದವರು ಎಷ್ಟು ಮಂದಿ ನಗುತ್ತಾ ನಿಂತಿದ್ದಾರೋ!

ಇನ್ನು ಆಟೋಗ್ರಾಫ್ ಪುಸ್ತಕ. ಗುಲಾಬಿ, ಹಳದಿ, ತಿಳಿನೀಲಿ ಹಾಳೆಗಳ ಅಂಗೈಯಗಲದ ಪುಸ್ತಕ. ಪರೀಕ್ಷೆಗೆ ಓದಬೇಕಾದ ಹೊತ್ತಿನಲ್ಲಿ ಇದೇನು ಹುಚ್ಚು ಎಂದು ಮನೆಯಲ್ಲಿ ಬೈಗುಳ ತಿಂದರೂ ಅದು ಚೀಲದೊಳಗೆ ಇದ್ದೇ ಇರುತ್ತಿತ್ತು. ಎಲ್ಲರ ಅಕ್ಷರವೂ ಅಂದು ಹಠಾತ್ತನೆ ಸುಂದರವಾಗುತ್ತಿತ್ತು. ವರ್ಷವಿಡೀ ಜಗಳವಾಡಿದವರೂ ಎರಡು ಪ್ರಾಸದ ಸಾಲು ಹುಡುಕಿ ತಂದು ಬರೆಯುತ್ತಿದ್ದರು. ಮೂಲೆಯಲ್ಲೊಂದು ಹೂವು, ಅದರಡಿಯಲ್ಲಿ "ಮರೆಯಬೇಡ" ಎಂಬ ಒಂದು ಪದ. ಹೆಸರು, ವಿಳಾಸ, ಇಷ್ಟದ ಬಣ್ಣ, ಇಷ್ಟದ ತಿಂಡಿ, ಜೀವನದ ಗುರಿ.

ಆ ಪುಸ್ತಕ ಈಗಲೂ ನಿಮ್ಮ ಬಳಿ ಇದ್ದರೆ ಒಮ್ಮೆ ತೆರೆದು ವಿಳಾಸಗಳನ್ನು ಓದಿ ನೋಡಿ. ಹುಡುಗಿಯರು ಬರೆದದ್ದೆಲ್ಲ ತಂದೆಯ ಮನೆಯ ವಿಳಾಸ. ಮೂರ್ನಾಲ್ಕು ವರ್ಷಗಳಲ್ಲಿ ಹಲವರು ಆ ಮನೆಯಿಂದ ಮದುವೆಯಾಗಿ ಹೊರಟಿದ್ದರು. ಕೆಲವರ ಹೆಸರಿನ ಮುಂದಿನ ಹೆಸರೂ ಬದಲಾಗಿತ್ತು. ಹುಡುಗರ ವಿಳಾಸಗಳೂ ಉಳಿಯಲಿಲ್ಲ. ಒಬ್ಬ ಮುಂಬೈಯ ಹೋಟೆಲಿಗೆ ಹೋದ, ಇನ್ನೊಬ್ಬ ದಮ್ಮಾಮಿಗೆ, ಮತ್ತೊಬ್ಬ ಮೀನುಗಾರಿಕೆಯ ಬೋಟಿಗೆ. "ಪತ್ರ ಬರೆಯುತ್ತಿರು" ಎಂದು ಬರೆದವರು ಕೊಟ್ಟದ್ದು ತಾವು ಬಿಟ್ಟು ಹೊರಡಲಿದ್ದ ಮನೆಯ ವಿಳಾಸವನ್ನು. ಹದಿನಾರರ ವಯಸ್ಸಿಗೆ ಇದು ಹೇಗೆ ತಾನೇ ಗೊತ್ತಾಗಬೇಕು?

ಬೀಳ್ಕೊಡುಗೆಯ ದಿನವನ್ನಂತೂ ನಾನು ವಿವರಿಸುವ ಅಗತ್ಯವೇ ಇಲ್ಲ. ಒಂಬತ್ತನೆಯವರು ಬಣ್ಣದ ಕಾಗದದ ಮಾಲೆ ಕಟ್ಟುತ್ತಿದ್ದರು. ತಟ್ಟೆಯಲ್ಲಿ ಒಂದು ಲಾಡು, ಒಂದು ಹಿಡಿ ಮಿಕ್ಸ್‌ಚರ್, ಒಂದು ಬಾಳೆಹಣ್ಣು, ಸ್ಟೀಲ್ ಲೋಟದಲ್ಲಿ ಕಿತ್ತಳೆ ಬಣ್ಣದ ಶರಬತ್ತು. ಹತ್ತನೆಯವರು ಚಂದಾ ಎತ್ತಿ ಶಾಲೆಗೊಂದು ಗೋಡೆ ಗಡಿಯಾರ ಕೊಡುತ್ತಿದ್ದರು. ನಮಗೆ ಸಮಯ ಮುಗಿಯಿತು ಎಂದು ಶಾಲೆಗೆ ಗಡಿಯಾರ ಕೊಡುವುದು! ಭಾಷಣಕ್ಕೆ ಎದ್ದು ನಿಂತವಳು ಎರಡನೇ ವಾಕ್ಯಕ್ಕೇ ಬಿಕ್ಕುತ್ತಿದ್ದಳು. ಅವಳನ್ನು ನೋಡಿ ಇಡೀ ಹುಡುಗಿಯರ ಸಾಲು ಅಳುತ್ತಿತ್ತು. ಹುಡುಗರು ಚಾವಣಿಯ ಹೆಂಚುಗಳನ್ನು ಎಣಿಸುತ್ತಾ ಕೂರುತ್ತಿದ್ದರು.

ಅಷ್ಟೆಲ್ಲ ಅತ್ತರೂ ನಿಜವಾದ ವಿದಾಯ ಆ ದಿನ ನಡೆದಿರುತ್ತಿರಲಿಲ್ಲ. ಮರುದಿನವೂ ರಿವಿಜನ್‌ಗೆಂದು ಶಾಲೆಗೆ ಹೋಗುತ್ತಿದ್ದೆವು. ಬಳಿಕ ಓದುವ ರಜೆ. ಹಾಲ್ ಟಿಕೆಟ್ ಕೈಗೆ ಬಂದಾಗ ನೋಡಿದರೆ ಪರೀಕ್ಷಾ ಕೇಂದ್ರ ಬೇರೆ ಊರಿನ ಬೇರೆ ಶಾಲೆ. ಅಲ್ಲಿ ಕೂರಿಸುವುದು ನೋಂದಣಿ ಸಂಖ್ಯೆಯ ಪ್ರಕಾರ. ಮೂರು ವರ್ಷ ಪಕ್ಕದಲ್ಲಿ ಕುಳಿತವಳು ಎಲ್ಲೋ ಮತ್ತೊಂದು ಕೋಣೆಯಲ್ಲಿ. ಕೊನೆಯ ಪರೀಕ್ಷೆ ಮುಗಿದು ಬೆಲ್ ಬಾರಿಸಿದಾಗ ಕೆಲವರು ಬಸ್ಸಿಗೆ ಓಡಿದರು, ಕೆಲವರನ್ನು ಕರೆದೊಯ್ಯಲು ಅಣ್ಣಂದಿರು ಗೇಟಿನಲ್ಲಿ ಕಾಯುತ್ತಿದ್ದರು. ಆರು ವಿಷಯಗಳ ಭಾರ ಇಳಿಸಿದ ಸಂಭ್ರಮದಲ್ಲಿ ಯಾರು ಯಾರಿಗೆ ಕೈ ಬೀಸಿದರೋ, ಯಾರು ಬೀಸಲಿಲ್ಲವೋ. ಒಂದೇ ಬೆಂಚಿನಲ್ಲಿ ಒಟ್ಟಿಗೆ ಕೂತ ಕೊನೆಯ ದಿನ ಯಾವುದೆಂದು ನಮ್ಮಲ್ಲಿ ಹೆಚ್ಚಿನವರಿಗೆ ಇಂದಿಗೂ ಹೇಳಲಾಗದು. ಅಂದು ಅದು ಕೊನೆಯದೆಂದು ಬೆಲ್ ಬಾರಿಸಿದ ಪ್ಯೂನಣ್ಣನಿಗೂ ತಿಳಿದಿರಲಿಲ್ಲ.

ಆ ಬೆಂಚಿನ ಕುರಿತು ಸ್ವಲ್ಪ ಯೋಚಿಸಿ. ಅದರಲ್ಲಿ ಡಾಕ್ಟರರ ಮಗಳಿದ್ದಳು. ಬೀಡಿ ಕಟ್ಟುವ ತಾಯಿಯ ಮಗಳಿದ್ದಳು. ಅಂಗಡಿಯವರ ಮಗಳು, ಗದ್ದೆ ಕೆಲಸದವರ ಮಗಳು ಇದ್ದಳು. ಒಂದೇ ಸಮವಸ್ತ್ರ, ಒಂದೇ ಪುಸ್ತಕ, ಒಂದೇ ಪ್ರಶ್ನೆ ಪತ್ರಿಕೆ. ಬುತ್ತಿಯ ಚಟ್ನಿ ಒಂದು ತಟ್ಟೆಯಿಂದ ಇನ್ನೊಂದಕ್ಕೆ ಹೋಗುತ್ತಿತ್ತು. ಹತ್ತನೆಯ ತರಗತಿ ಮುಗಿಯುತ್ತಿದ್ದಂತೆ ಆ ಬೆಂಚು ಒಡೆಯುತ್ತದೆ. ವಿಜ್ಞಾನಕ್ಕೆ ಹೋದವರು ಒಂದು ದಾರಿ, ವಾಣಿಜ್ಯಕ್ಕೆ ಹೋದವರು ಇನ್ನೊಂದು. ಐ.ಟಿ.ಐ., ಡಿಪ್ಲೊಮಾ, ಅಂಗಡಿ, ಗ್ಯಾರೇಜು, ಅಡುಗೆ ಮನೆ. ಮುಂದೆ ನಾವು ಎಲ್ಲೇ ಓದಿದರೂ, ಎಲ್ಲೇ ದುಡಿದರೂ ಬಹುಮಟ್ಟಿಗೆ ನಮ್ಮಂಥವರ ನಡುವೆಯೇ ಇರುತ್ತೇವೆ. ಊರಿನ ಎಲ್ಲ ಬಗೆಯ ಮನೆಗಳ ಮಕ್ಕಳು ಮೊಣಕೈಗೆ ಮೊಣಕೈ ತಾಗಿಸಿ ಕೂರುವುದು ಅದೇ ಕೊನೆ. ಆ ಕೊನೆಯ ವಾರಗಳು ಅಷ್ಟು ಸಿಹಿಯಾಗಿರಲು ಇದೂ ಒಂದು ಕಾರಣವೆಂದು ನನಗನಿಸುತ್ತದೆ.

ಕಹಿಯೂ ಅಲ್ಲೇ ಇದೆ.

ನನ್ನ ಬೆಂಚಿನಲ್ಲಿ ಒಬ್ಬ ಗೆಳತಿಯಿದ್ದಳು. ಹೆಸರು ಬೇಡ. ಬೀಜಗಣಿತದ ಲೆಕ್ಕವನ್ನು ಮೇಷ್ಟರು ಬೋರ್ಡಿನ ಮೇಲೆ ಬರೆದು ಮುಗಿಸುವ ಮೊದಲೇ ಅವಳ ನೋಟು ಪುಸ್ತಕದಲ್ಲಿ ಉತ್ತರವಿರುತ್ತಿತ್ತು. ಮನೆಯಲ್ಲಿ ತಾಯಿ, ಅಕ್ಕ ಬೀಡಿ ಕಟ್ಟುತ್ತಿದ್ದರು. ರಾತ್ರಿ ಇವಳೂ ಮೊರ ಮಡಿಲಲ್ಲಿಟ್ಟುಕೊಂಡು ಎಲೆ ಕತ್ತರಿಸುತ್ತಾ ಎದುರಿಗೆ ಪುಸ್ತಕ ತೆರೆದಿಟ್ಟು ಓದುತ್ತಿದ್ದಳು. ಬೆರಳ ತುದಿಗಳಲ್ಲಿ ಹೊಗೆಸೊಪ್ಪಿನ ವಾಸನೆ ಸದಾ ಇರುತ್ತಿತ್ತು. ನನ್ನ ಆಟೋಗ್ರಾಫ್ ಪುಸ್ತಕದ ತಿಳಿನೀಲಿ ಹಾಳೆಯಲ್ಲಿ ಅವಳು ಎಲ್ಲವನ್ನೂ ತುಂಬಿದ್ದಾಳೆ. ಹೆಸರು, ವಿಳಾಸ, ಇಷ್ಟದ ಬಣ್ಣ ಹಸಿರು, ಇಷ್ಟದ ತಿಂಡಿ ಪತ್ತಿರ್. "ಜೀವನದ ಗುರಿ" ಎಂಬುದರ ಮುಂದೆ ಮಾತ್ರ ಅಡಿಪಟ್ಟಿ ಇಟ್ಟು ಎಳೆದ ಒಂದು ನೇರ ಗೆರೆ.

ಅವಳು ಪ್ರಥಮ ದರ್ಜೆಯಲ್ಲಿ ಪಾಸಾದಳು. ಕಾಲೇಜಿಗೆ ಎರಡು ಬಸ್ಸು ಬದಲಿಸಬೇಕಿತ್ತು. ತಂದೆಯ ಆರೋಗ್ಯ ಕೆಟ್ಟಿತ್ತು. ಕೆಳಗೆ ಮೂವರು ತಮ್ಮಂದಿರಿದ್ದರು. ಸಾವಿರ ಬೀಡಿಗೆ ಇಷ್ಟೆಂದು ಬರುವ ಕೂಲಿಯಲ್ಲಿ ಇನ್ನೊಂದು ಜೊತೆ ಕೈಯ ಅಗತ್ಯ ಆ ಮನೆಗಿತ್ತು. ಯಾರೂ ಅವಳನ್ನು ಓದಬೇಡವೆಂದು ಗದರಲಿಲ್ಲ. ಓದಬೇಕೆಂದೂ ಹೇಳಲಿಲ್ಲ. ಜೂನ್ ತಿಂಗಳು ಬಂತು, ಮಳೆ ಶುರುವಾಯಿತು, ನಾವು ಕೆಲವರು ಹೊಸ ಕೊಡೆ ಹಿಡಿದು ಕಾಲೇಜಿಗೆ ಹೊರಟೆವು. ಅವಳು ಮನೆಯಲ್ಲೇ ಉಳಿದಳು. ಪರೀಕ್ಷೆಗೂ ಮೊದಲೇ, ಆ ನೀಲಿ ಹಾಳೆಯ ಮೇಲೆ ಗೆರೆ ಎಳೆಯುವ ಹೊತ್ತಿಗೇ, ಅವಳಿಗೆ ಇದು ಗೊತ್ತಿತ್ತು. ಗೊತ್ತಿದ್ದೂ ಅವಳು ಬೀಳ್ಕೊಡುಗೆಯ ದಿನ ಎಲ್ಲರಿಗಿಂತ ಹೆಚ್ಚು ನಕ್ಕಿದ್ದಳು.

ಬಹಳ ವರ್ಷಗಳ ಬಳಿಕ ಒಂದು ಮದುವೆಯ ಹಾಲಿನಲ್ಲಿ ಅವಳು ಸಿಕ್ಕಿದಳು. ಕೈ ಹಿಡಿದವಳು ಊಟದ ಸರದಿ ಬರುವವರೆಗೂ ಬಿಡಲಿಲ್ಲ. ಮಗಳ ಕುರಿತೇ ಮಾತು. ಪಿ.ಯು.ಸಿ.ಗೆ ಯಾವ ಕಾಂಬಿನೇಷನ್ ಒಳ್ಳೆಯದು, ಹಾಸ್ಟೆಲ್ ಹೇಗೆ, ಬಸ್ಸಿನ ವ್ಯವಸ್ಥೆ ಹೇಗೆ ಎಂದು ಒಂದೊಂದಾಗಿ ಕೇಳಿದಳು. ಹೊರಡುವಾಗ ಮೆಲ್ಲಗೆ ಹೇಳಿದಳು: "ನನ್ನ ಮಾರ್ಕ್ಸ್ ಕಾರ್ಡ್ ಲ್ಯಾಮಿನೇಷನ್ ಮಾಡಿಸಿ ಇಟ್ಟಿದ್ದೇನೆ. ಒಡವೆಯ ಪೆಟ್ಟಿಗೆಯಲ್ಲೇ ಇದೆ. ಒಡವೆಗಳು ಎರಡು ಸಲ ಬ್ಯಾಂಕಿಗೆ ಹೋಗಿ ಬಂದವು. ಅದು ಮಾತ್ರ ಎಲ್ಲಿಗೂ ಹೋಗಲಿಲ್ಲ."

ಪ್ರಿಯ ಓದುಗರೇ, ಇಂತಹ ಗೆಳತಿ ನಿಮ್ಮ ತರಗತಿಯಲ್ಲೂ ಇದ್ದಿರಬೇಕು. ಎಲ್ಲರ ತರಗತಿಯಲ್ಲೂ ಇರುತ್ತಾಳೆ. ಅನೇಕ ಕಡೆ ಹುಡುಗನ ರೂಪದಲ್ಲೂ ಇರುತ್ತಾನೆ. ಪರೀಕ್ಷೆಯ ಮರುವಾರವೇ ಮಾವನ ಅಂಗಡಿಯ ಗಲ್ಲೆಯ ಹಿಂದೆ ನಿಂತ ಹುಡುಗ, ಫಲಿತಾಂಶ ಬರುವ ಮೊದಲೇ ಪಾಸ್‌ಪೋರ್ಟಿಗೆ ಅರ್ಜಿ ಹಾಕಿದ ಹುಡುಗ.

ಹತ್ತನೆಯ ತರಗತಿಯ ಆ ಒಂದು ಹಾಳೆಗೆ ನಮ್ಮ ಬದುಕಿನಲ್ಲಿ ಇರುವ ತೂಕವನ್ನೂ ನೋಡಿ. ಜನನ ಪ್ರಮಾಣ ಪತ್ರ ಮಾಡಿಸುವ ರೂಢಿ ಇಲ್ಲದಿದ್ದ ಕಾಲದಲ್ಲಿ ಹುಟ್ಟಿದ ತಾರೀಕಿಗೆ ಅದೇ ಆಧಾರ. ಶಾಲೆಗೆ ಸೇರಿಸುವ ದಿನ ಹೆಡ್‌ಮಾಸ್ತರರು ಲೆಕ್ಕಕ್ಕೆ ಸರಿಯಾಗಲೆಂದು ಬರೆದ ತಾರೀಕೇ ಅದರಲ್ಲಿ ಶಾಶ್ವತವಾಗಿಬಿಟ್ಟಿತು. ಆದ್ದರಿಂದಲೇ ನಮ್ಮ ನಾಡಿನಲ್ಲಿ ಜೂನ್ 1ರಂದು ಹುಟ್ಟಿದವರು ಅಷ್ಟೊಂದು ಮಂದಿ! ಗಲ್ಫಿಗೆ ಹೋಗುವವರ ಮನೆಗಳಲ್ಲಿ ಇನ್ನೊಂದು ಸಂಗತಿಯೂ ಗೊತ್ತು. ಹತ್ತನೆಯ ತರಗತಿ ಪಾಸಾದವರ ಪಾಸ್‌ಪೋರ್ಟಿಗೆ ವಲಸೆ ತಪಾಸಣೆಯ ಅಗತ್ಯವಿಲ್ಲ. ಪಾಸಾಗದವರು ಸಾಮಾನ್ಯವಾಗಿ ಆ ತಪಾಸಣೆಯ ಪಟ್ಟಿಗೆ ಸೇರುತ್ತಾರೆ. ಸೌದಿ, ಕುವೈತ್, ಕತಾರಿನಂತಹ ದೇಶಗಳಿಗೆ ದುಡಿಯಲು ಹೊರಟಾಗ ಅವರು ಬೇರೆಯೇ ಅನುಮತಿ ಪಡೆಯಬೇಕು. ಹದಿನಾರರ ವಯಸ್ಸಿನಲ್ಲಿ ಬರೆದ ಆರು ಪತ್ರಿಕೆಗಳು ನಲ್ವತ್ತರ ವಯಸ್ಸಿನಲ್ಲೂ ವಿಮಾನ ನಿಲ್ದಾಣದಲ್ಲಿ ಎದುರು ಬಂದು ನಿಲ್ಲುತ್ತವೆ.

ಆದರೆ ಕಾನೂನಿನ ಕೈ ಅಲ್ಲಿಯವರೆಗೆ ಚಾಚುವುದಿಲ್ಲ. 2009ರಲ್ಲಿ ರೂಪುಗೊಂಡು 2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆಯು 6ರಿಂದ 14 ವರ್ಷದವರೆಗಿನ ಮಕ್ಕಳಿಗೆ ಉಚಿತ ಮತ್ತು ಕಡ್ಡಾಯ ಶಿಕ್ಷಣದ ಹಕ್ಕನ್ನು ಕೊಟ್ಟಿದೆ. ಅಂದರೆ ಹೈಸ್ಕೂಲಿನ ಬಾಗಿಲ ಬಳಿಗೆ ಬರುವ ಹೊತ್ತಿಗೆ ಆ ಕೈ ಮಗುವಿನ ಕೈಯನ್ನು ಬಿಡುತ್ತದೆ. ಅಲ್ಲಿಂದ ಮುಂದೆ ಹಿಡಿಯಬೇಕಾದವರು ತಂದೆ, ತಾಯಿ, ಅಧ್ಯಾಪಕರು, ನೆರೆಯವರು.

ಆ ಕೊನೆಯ ವಾರಗಳ ಬೆಲೆ ಏನೆಂದು ಅವನ್ನು ಕಳೆದುಕೊಂಡವರನ್ನು ಕೇಳಬೇಕು. 2020ರಲ್ಲಿ ಎಸೆಸೆಲ್ಸಿ ಪರೀಕ್ಷೆ ಮಾರ್ಚ್ 27ಕ್ಕೆ ಆರಂಭವಾಗಬೇಕಿತ್ತು. ಕೊರೊನಾದಿಂದಾಗಿ ಮುಂದೂಡಲ್ಪಟ್ಟು ಜೂನ್ 25ರಂದು ಶುರುವಾಯಿತು. ಸುಮಾರು 8 ಲಕ್ಷಕ್ಕೂ ಹೆಚ್ಚು ಮಕ್ಕಳು ಮಾಸ್ಕ್ ಕಟ್ಟಿಕೊಂಡು, ಗೇಟಿನಲ್ಲಿ ಜ್ವರ ಪರೀಕ್ಷಿಸಿಕೊಂಡು, ದೂರ ದೂರ ಕುಳಿತು ಬರೆದರು. ಗೆಳತಿಯ ಪೆನ್ನು ಕೇಳುವಂತಿಲ್ಲ, ಭುಜದ ಮೇಲೆ ಕೈ ಹಾಕುವಂತಿಲ್ಲ. ಮರುವರ್ಷ, 2021ರಲ್ಲಿ, ಇನ್ನೂ ಕಷ್ಟ. ವರ್ಷದ ಬಹುಪಾಲು ಮೊಬೈಲಿನ ಪುಟ್ಟ ಪರದೆಯಲ್ಲೇ ಪಾಠ. ಜುಲೈ 19 ಮತ್ತು 22, ಎರಡೇ ದಿನಗಳಲ್ಲಿ ಸರಿ ಉತ್ತರ ಗುರುತಿಸುವ ಮಾದರಿಯ ಪರೀಕ್ಷೆ ಮುಗಿಯಿತು. ಒಂದು ಮನೆಯಲ್ಲಿ ಒಂದೇ ಫೋನ್ ಇದ್ದು ಮೂವರು ಮಕ್ಕಳಿದ್ದರೆ ಅದು ಯಾರ ಕೈಗೆ ಹೋಗುತ್ತಿತ್ತೆಂದು ನಿಮಗೆ ಹೇಳಬೇಕಾಗಿಲ್ಲ. ಆ ವರ್ಷದ ಒಬ್ಬಳು ಹುಡುಗಿ ನನ್ನೊಡನೆ ಹೇಳಿದ ಮಾತಿದು: "ಆಂಟೀ, ನಾನು ಪಾಸಾದೆ. ಆದರೆ ನನ್ನ ಶಾಲೆ ಮುಗಿದದ್ದು ಯಾವಾಗ ಅಂತ ನನಗೆ ಗೊತ್ತೇ ಆಗಲಿಲ್ಲ."

ಈಗ ಆಟೋಗ್ರಾಫ್ ಪುಸ್ತಕದ ಜಾಗಕ್ಕೆ ವಾಟ್ಸ್‌ಆ್ಯಪ್ ಗ್ರೂಪ್ ಬಂದಿದೆ. ಹಳೆಯ ವಿದ್ಯಾರ್ಥಿಗಳು ಸೇರಿ ಗುರುವಂದನೆ ಮಾಡುತ್ತಾರೆ, ಮುಪ್ಪಾದ ಮೇಷ್ಟರಿಗೆ ಶಾಲು ಹೊದಿಸುತ್ತಾರೆ. ಒಳ್ಳೆಯದೇ. ಆದರೆ ಆ ಗ್ರೂಪುಗಳನ್ನು ಸ್ವಲ್ಪ ಗಮನಿಸಿ ನೋಡಿ. ಅಲ್ಲಿ ಮಾತನಾಡುವವರು ಯಾರು? ಮುಂದೆ ಓದಿದವರು, ಉದ್ಯೋಗ ಹಿಡಿದವರು, ತೋರಿಸಿಕೊಳ್ಳಲು ಏನಾದರೂ ಇರುವವರು. ಗೆರೆ ಎಳೆದ ಗೆಳತಿ ಅಲ್ಲಿಲ್ಲ. ಅವಳ ನಂಬರ್ ಯಾರ ಬಳಿಯೂ ಇಲ್ಲ. ಇದ್ದರೂ, "ನಾನು ಅಲ್ಲಿ ಬಂದು ಏನು ಮಾತಾಡಲಿ?" ಎಂದು ಅವಳು ಹಿಂಜರಿಯುತ್ತಾಳೆ. ಹತ್ತನೆಯ ತರಗತಿಯ ಪುನರ್ಮಿಲನದಲ್ಲಿ ಅರ್ಧ ಬೆಂಚು ಖಾಲಿಯಿದ್ದರೆ ಅದು ಯಾರ ಪುನರ್ಮಿಲನ?

ಆದ್ದರಿಂದ ಮೂವರಿಗೆ ಮೂರು ಮಾತು ಹೇಳಬೇಕೆನಿಸುತ್ತದೆ.

ಮೊದಲನೆಯದು, ಈ ವರ್ಷ ಮನೆಯಲ್ಲಿ ಹತ್ತನೆಯ ತರಗತಿಯ ಮಗುವಿರುವ ತಂದೆ ತಾಯಂದಿರಿಗೆ. ಮಗು ಓದಲಿ. 625ರಲ್ಲಿ ಎಷ್ಟು ಸಾಧ್ಯವೋ ಅಷ್ಟು ಗಳಿಸಲಿ. ಆದರೆ ಬೀಳ್ಕೊಡುಗೆಯ ದಿನ "ಅದೆಲ್ಲ ಸಮಯ ಹಾಳು, ಮನೆಯಲ್ಲಿ ಕುಳಿತು ಓದು" ಎಂದು ತಡೆಯಬೇಡಿ. ಗ್ರೂಪ್ ಫೋಟೋಕ್ಕೆ ಹಣ ಕೇಳಿದರೆ ಕೊಡಿ, ಸಾಧ್ಯವಿದ್ದರೆ ಕೊಳ್ಳಲಾಗದ ಇನ್ನೊಂದು ಮಗುವಿನದ್ದೂ ಸೇರಿಸಿ ಕೊಡಿ. ಪಕ್ಕದ ಮನೆಯ ಮಗುವಿನ ಅಂಕವನ್ನು ಊಟದ ತಟ್ಟೆಯ ಪಕ್ಕ ಉಪ್ಪಿನಕಾಯಿಯಂತೆ ಬಡಿಸಬೇಡಿ. ಪ್ರತಿ ಫಲಿತಾಂಶದ ಮರುದಿನ ಪತ್ರಿಕೆಯ ಮೂಲೆಯಲ್ಲಿ ಓದುವ ದುಃಖದ ಸುದ್ದಿಗಳನ್ನು ನೆನಪಿಡಿ. ಒಂದು ಪರೀಕ್ಷೆಯಲ್ಲಿ ಸೋತರೆ ದಾರಿ ಮುಚ್ಚುವುದಿಲ್ಲ. ನಮ್ಮ ರಾಜ್ಯದಲ್ಲಿ ಒಂದೇ ವರ್ಷ ಒಂದಕ್ಕಿಂತ ಹೆಚ್ಚು ಸಲ ಪರೀಕ್ಷೆ ಬರೆಯುವ ಅವಕಾಶವಿದೆ. ಇದನ್ನು ಮಗುವಿಗೆ ಫಲಿತಾಂಶ ಬಂದ ಮೇಲೆ ಹೇಳುವುದಕ್ಕಿಂತ ಪರೀಕ್ಷೆಗೆ ಮೊದಲೇ, ಬಾಯಿ ತುಂಬ, ಮನಸ್ಸು ತುಂಬ ಹೇಳಿ. ಮತ್ತು ಹೆಣ್ಣು ಮಗುವಿನ ತಂದೆ ತಾಯಂದಿರೇ, "ಮುಂದೇನು ಓದಬೇಕೆಂದಿದ್ದೀಯಾ?" ಎಂಬ ಒಂದು ಪ್ರಶ್ನೆಯನ್ನು ಈ ವಾರವೇ ಕೇಳಿ. ಕೇಳದೆ ಬಿಟ್ಟರೆ ಮಗು ಮೌನವನ್ನೇ ಉತ್ತರವೆಂದು ತಿಳಿದುಕೊಳ್ಳುತ್ತದೆ. ನನ್ನ ಗೆಳತಿಯ ಮನೆಯಲ್ಲಿ ಬೇಡವೆಂದವರು ಯಾರೂ ಇರಲಿಲ್ಲ ಎಂಬುದನ್ನು ಮರೆಯಬೇಡಿ.

ಎರಡನೆಯದು, ಈಗ ಹತ್ತನೆಯ ತರಗತಿಯಲ್ಲಿರುವ ನನ್ನ ಕಿರಿಯ ಓದುಗರಿಗೆ. ಈ ವಾರಗಳಲ್ಲಿ ಜಗಳಗಳನ್ನು ಮುಗಿಸಿಬಿಡಿ. ಆಟೋಗ್ರಾಫ್ ಬರೆಸಿಕೊಳ್ಳುವಾಗ ಪ್ರಾಸದ ಸಾಲುಗಳಿಗಿಂತ ಹೆಚ್ಚಾಗಿ, ಗೆಳತಿಯ ತಾಯಿಯ ಹೆಸರು, ಅವಳ ಅಜ್ಜಿಯ ಮನೆಯ ಊರು ಬರೆಸಿಕೊಳ್ಳಿ. ಫೋನ್ ನಂಬರುಗಳು ಬದಲಾಗುತ್ತವೆ, ಅಜ್ಜಿಯ ಊರು ಬದಲಾಗುವುದಿಲ್ಲ. ಬೆಲ್ ಬಾರಿಸುವ ಪ್ಯೂನಣ್ಣನಿಗೆ, ಬಿಸಿಯೂಟ ಬಡಿಸಿದ ಅಕ್ಕನಿಗೆ ಒಂದು ಮಾತು ಹೇಳಿ ಬನ್ನಿ. ಅವರಿಗೆ ಯಾರೂ ಬೀಳ್ಕೊಡುಗೆಯ ಭಾಷಣದಲ್ಲಿ ಧನ್ಯವಾದ ಹೇಳಿರುವುದಿಲ್ಲ. ಪಕ್ಕದವಳು ಮುಂದೇನು ಎಂಬ ಪ್ರಶ್ನೆ ಬಂದಾಗಲೆಲ್ಲ ಮಾತು ತಿರುಗಿಸುತ್ತಿದ್ದರೆ ಸುಮ್ಮನಾಗಬೇಡಿ. ಮೆಲ್ಲಗೆ ವಿಚಾರಿಸಿ, ನಂಬಿಕೆಯ ಟೀಚರೊಬ್ಬರ ಕಿವಿಗೆ ಹಾಕಿ. ಒಬ್ಬ ಟೀಚರ್ ಒಂದು ಸಂಜೆ ಮನೆಗೆ ಬಂದು ಚಹಾ ಕುಡಿದು ಹೋದದ್ದರಿಂದ ಓದು ಮುಂದುವರಿದ ಹೆಣ್ಣು ಮಕ್ಕಳು ನಮ್ಮಲ್ಲಿ ಬಹಳ ಮಂದಿ ಇದ್ದಾರೆ.

ಮೂರನೆಯದು, ಆ ಗೆರೆಯನ್ನು ಎಳೆದವರಿಗೆ. ನೀವು ಈ ಪುಟವನ್ನು ಓದುತ್ತಿದ್ದೀರೆಂದು ನನಗೆ ಗೊತ್ತು. ಮಧ್ಯಾಹ್ನದ ಕೆಲಸ ಮುಗಿಸಿ, ಮಕ್ಕಳು ಶಾಲೆಯಿಂದ ಬರುವ ಮೊದಲು ಸಿಗುವ ಅರ್ಧ ಗಂಟೆಯಲ್ಲಿ ಪತ್ರಿಕೆ ಬಿಡಿಸುವವರು ನೀವೇ. ಹತ್ತನೆಯ ತರಗತಿ ಅರ್ಧಕ್ಕೆ ನಿಂತಿದ್ದರೆ ಖಾಸಗಿ ಅಭ್ಯರ್ಥಿಯಾಗಿ ಎಸೆಸೆಲ್ಸಿ ಬರೆಯುವ ದಾರಿ ಇದೆ. ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆಯ ಮೂಲಕವೂ ಬರೆಯಬಹುದು. ಅಲ್ಲಿ ಕನಿಷ್ಠ ವಯಸ್ಸು 14 ಎಂದಿದೆ, ಗರಿಷ್ಠ ವಯಸ್ಸಿನ ಮಿತಿಯಿಲ್ಲ. ಮಗಳು ಪಠ್ಯಪುಸ್ತಕ ತೆರೆಯುವ ಮೇಜಿನಲ್ಲಿ ಇನ್ನೊಂದು ಕುರ್ಚಿಗೆ ಜಾಗವಿರುತ್ತದೆ. ಹತ್ತಿರದ ಹೈಸ್ಕೂಲಿಗೆ ಹೋಗಿ ವಿಚಾರಿಸಲು ನಾಚಿಕೆಪಡಬೇಡಿ. ಓದು ಬೇಡವೆನಿಸಿದರೆ ಅದೂ ನಿಮ್ಮ ಆಯ್ಕೆ. ಆದರೆ ನಿಮ್ಮ ಹಳೆಯ ಗೆಳತಿಯರ ಮುಂದೆ ಮುಖ ತಗ್ಗಿಸುವ ಅಗತ್ಯ ನಿಮಗೆ ಎಂದೂ ಇಲ್ಲ. ಎಷ್ಟೋ ಮಂದಿ ತಮ್ಮಂದಿರ ಪದವಿ ಪತ್ರಗಳ ಹಿಂದೆ ನಿಮ್ಮ ಬೆರಳುಗಳ ಹೊಗೆಸೊಪ್ಪಿನ ವಾಸನೆಯಿದೆ. ಅವರು ಅದನ್ನು ಹೇಳದಿದ್ದರೂ ಅದು ಅಲ್ಲಿದೆ.

ಉಳಿದ ನಮಗೆಲ್ಲ ಒಂದು ಸಣ್ಣ ಕೆಲಸ. ಇಂದು ರಾತ್ರಿ ಕಪಾಟಿನಿಂದ ಆ ಗ್ರೂಪ್ ಫೋಟೋವನ್ನು ತೆಗೆಯಿರಿ. ಧೂಳು ಒರೆಸಿ. ಎಡದಿಂದ ಬಲಕ್ಕೆ ಒಂದೊಂದು ಮುಖದ ಮೇಲೆ ಬೆರಳಿಡುತ್ತಾ ಹೋಗಿ. ಈತ ಎಲ್ಲಿದ್ದಾನೆ, ಈಕೆ ಎಲ್ಲಿದ್ದಾಳೆ ಎಂದು ಕೇಳಿಕೊಳ್ಳಿ. ಬೆರಳು ಎಲ್ಲಿ ನಿಲ್ಲುತ್ತದೋ, ಯಾರ ಸುದ್ದಿ ನಿಮಗೆ ಗೊತ್ತಿಲ್ಲವೋ, ಅವರಲ್ಲಿ ಒಬ್ಬರನ್ನು ಈ ತಿಂಗಳು ಹುಡುಕಿ. ಹಳೆಯ ವಿಳಾಸಕ್ಕೆ ಹೋದರೆ ಅಲ್ಲಿ ಅವಳ ಅಣ್ಣನೋ ಅತ್ತಿಗೆಯೋ ಇರುತ್ತಾರೆ, ಒಂದು ನಂಬರ್ ಸಿಗುತ್ತದೆ. ಕರೆ ಮಾಡಿ ನಿಮ್ಮ ಹೆಸರು ಹೇಳಿ, ಬೆಂಚಿನ ಸಾಲು ಹೇಳಿ. ಅತ್ತ ಕಡೆ ಒಂದು ಕ್ಷಣ ಮೌನವಿರುತ್ತದೆ. ಆಮೇಲೆ ಅವಳು ನಗುತ್ತಾಳೆ. ಆ ನಗುವನ್ನು ನೀವು ಕೂಡಲೇ ಗುರುತಿಸುತ್ತೀರಿ.

ಸಿಕ್ಕಿದರೆ ಅವಳಿಗೆ ಫೋಟೋದ ಒಂದು ಪ್ರತಿ ಮಾಡಿಸಿ ಕಳುಹಿಸಿ. ಅಂದು ಅವಳು ಕೊಂಡಿರಲಾರಳು.